ನೀಲಿ ವೈರಿನ ಗಂಟು

ಜಿಗಣಿ
23 ಜೂನ್ 2025

ಶ್ರೀ ರಾಮಪ್ರಸಾದ ಅವರಿಗೆ ನಮಸ್ಕಾರ.

ನಿಮ್ಮ ‘ಕೆಂಪು ಬಿಲ್ಲೆ’ ಕಾದಂಬರಿಯ ಹದಿನಾಲ್ಕನೇ ಮುದ್ರಣದ ಕೊನೆಯ ಪುಟದಲ್ಲಿ ಈ ವಿಳಾಸ ಸಿಕ್ಕಿತು. ಫೋನ್ ನಂಬರ್ ಕೊಟ್ಟಿಲ್ಲವಾದ್ದರಿಂದ ಕಾಗದವೇ ಗತಿ.

ನಾನು ಯಮುನಾ. ಇಲ್ಲಿನ ಒಂದು ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಸೂಪರ್‌ವೈಸರ್. ಡಬ್ಬದ ಮೇಲೆ ಬರೆದದ್ದೂ ಒಳಗಿನ ಚೀಟಿಯಲ್ಲಿರುವುದೂ ಒಂದೇ ಆಗಿದೆಯೇ ಎಂದು ನೋಡುವುದು ನನ್ನ ಕೆಲಸ. ಆ ಚಾಳಿ ಮನೆಗೂ ಬಂದುಬಿಟ್ಟಿದೆ. ಹೋದ ವಾರ ಎಲೆಕ್ಟ್ರಾನಿಕ್ ಸಿಟಿಯ ಮಾಲ್‌ನಲ್ಲಿ ನಿಮ್ಮ ಕಾದಂಬರಿಯ ಸಿನಿಮಾ ನೋಡಿದೆ. ಮಾರನೇ ದಿನ ರಜೆ ಹಾಕಿ, ಪುಸ್ತಕ ತೆರೆದಿಟ್ಟುಕೊಂಡು ಯಾವುದು ಇದೆ, ಯಾವುದು ಇಲ್ಲ ಎಂದು ಗುರುತು ಹಾಕುತ್ತ ಕೂತೆ.

ಮೊದಲರ್ಧ ಎರಡರಲ್ಲೂ ಒಂದೇ. ಪೀಣ್ಯದ ಕಾರ್ಖಾನೆ, ಸಾಲಾಗಿ ತಗಡು ಒತ್ತುವ ಇಪ್ಪತ್ತನಾಲ್ಕು ಪ್ರೆಸ್ಸುಗಳು. ಓಡಿಸಬಹುದಾದ ಯಂತ್ರಕ್ಕೆ ಹಸಿರು ಬಿಲ್ಲೆ, ರಿಪೇರಿಯಲ್ಲಿರುವುದಕ್ಕೆ ಕೆಂಪು. ಕೈ ಒಳಗೆ ಹೋದರೆ ಯಂತ್ರವನ್ನು ನಿಲ್ಲಿಸುವ ಸ್ವಿಚ್ಚು ಹದಿನೇಳನೇ ಪ್ರೆಸ್ಸಿನಲ್ಲಿ ಕೆಟ್ಟಿದೆ. ಎಲೆಕ್ಟ್ರಿಷಿಯನ್ ಅದಕ್ಕೆ ಕೆಂಪು ಬಿಲ್ಲೆ ಕಟ್ಟಿ ಹೋಗುತ್ತಾನೆ. ಅಷ್ಟರಲ್ಲಿ ಆಯುಧ ಪೂಜೆ ಬರುತ್ತದೆ. ಯಂತ್ರಗಳನ್ನು ತೊಳೆಯುವಾಗ ಬಿಲ್ಲೆಗಳನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿ, ಕುಂಕುಮವಿಟ್ಟು ಅಮ್ಮನವರ ಪಟದ ಮುಂದೆ ತಟ್ಟೆಯಲ್ಲಿ ಜೋಡಿಸುತ್ತಾರೆ. ಪೂಜೆಯಾದ ಮೇಲೆ ತಿರುಗಿ ಹಾಕುವಾಗ ಹದಿನೇಳಕ್ಕೆ ಹಸಿರು ಬೀಳುತ್ತದೆ. ರಜೆ ಕಳೆದು ಮೊದಲ ಪಾಳಿಗೆ ಬಂದ ಕೆಲಸಗಾರ ಸಾಯುತ್ತಾನೆ.

ಪುಸ್ತಕದಲ್ಲಿ ಹಸಿರು ಹಾಕಿದವನು ಸೂಪರ್‌ವೈಸರ್. ಹಳೇ ಹಗೆಯಿಂದ, ಬೇಕೆಂತಲೇ ಹಾಕುತ್ತಾನೆ. ಅದನ್ನು ಪತ್ತೆ ಮಾಡುವವನು ಕ್ವಾಲಿಟಿ ವಿಭಾಗದ ಸಾಧು ಮನುಷ್ಯ. ಸಿನಿಮಾದಲ್ಲಿ ಸೂಪರ್‌ವೈಸರ್ ಪಾತ್ರವೇ ಇಲ್ಲ. ಕ್ವಾಲಿಟಿಯವನೇ ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ತಪ್ಪು ಬಿಲ್ಲೆ ಹಾಕುತ್ತಾನೆ, ಆಮೇಲೆ ಅದನ್ನು ಮುಚ್ಚಿಡಲು ಕೊಲೆಗಿಳಿಯುತ್ತಾನೆ. ಪೊಲೀಸ್ ಅಧಿಕಾರಿ ಮೆಟ್ರೋ ಕಂಬಗಳ ನಡುವೆ ಓಡಿದ್ದೇ ಓಡಿದ್ದು. ಒಂದು ಹಾಡು ಕುಲುಮೆಯ ಮುಂದೆ. ಪ್ರೆಸ್ ಶಾಪಿನಲ್ಲಿ ಕುಲುಮೆ ಎಲ್ಲಿಂದ ಬಂತೋ ಆ ದೇವರೇ ಬಲ್ಲ.

ನನ್ನದು ಒಂದೇ ಪ್ರಶ್ನೆ. ಪುಸ್ತಕದಲ್ಲಿ ಯಂತ್ರದ ಕೊಕ್ಕೆ ಮುರಿದಿರುವುದರಿಂದ ಎಲೆಕ್ಟ್ರಿಷಿಯನ್ ಕೆಂಪು ಬಿಲ್ಲೆಯನ್ನು ನೀಲಿ ವೈರಿನ ತುಂಡಿನಲ್ಲಿ ಮೂರು ಗಂಟು ಹಾಕಿ ಕಟ್ಟುತ್ತಾನೆ. ಸಿನಿಮಾದಲ್ಲಿ ಹೊಳೆಯುವ ಹೊಸ ಕೊಕ್ಕೆ ಇದೆ. ನಮ್ಮ ಮನೆಯಲ್ಲಿ ಸಣ್ಣ ಅಕ್ಷರ ಕಾಣದ ಹಿರಿಯರೊಬ್ಬರಿದ್ದಾರೆ. ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವಾಗ ಅವರು ಆ ಸಾಲನ್ನು ಎರಡು ಸಲ ಓದಿಸಿದರು. ಆ ನೀಲಿ ವೈರು ನೀವು ಕಲ್ಪಿಸಿಕೊಂಡದ್ದೇ, ಕಂಡದ್ದೇ?

ಬಿಡುವಾದಾಗ ಉತ್ತರಿಸಿ.

ವಂದನೆಗಳೊಂದಿಗೆ,
ಯಮುನಾ


ನಾಗಸಂದ್ರ
2 ಜುಲೈ 2025

ಸಹೃದಯ ಓದುಗರಾದ ಶ್ರೀಮತಿ ಯಮುನಾ ಅವರಿಗೆ,

ನಿಮ್ಮ ಕಾಗದ ಓದಿ ನನ್ನ ಹೆಂಡತಿ ವನಜಾಗೂ ಓದಿ ಹೇಳಿದೆ. ಸಿನಿಮಾ ಬಂದ ಮೇಲೆ ನನಗೆ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ನಟಿಸಲು ಅವಕಾಶ ಕೊಡಿಸಿ ಎಂಬುವು. ಫೋನ್ ನಂಬರ್ ಕೊಡದಿರುವುದು ಅದಕ್ಕೇ. ಪುಸ್ತಕ ಓದಿ, ಸಿನಿಮಾ ನೋಡಿ, ಎರಡನ್ನೂ ಪಕ್ಕದಲ್ಲಿಟ್ಟು ತೂಗಿದವರು ನೀವೊಬ್ಬರೇ. ವಿಮರ್ಶಕರು ನಿಮ್ಮ ಕಾರ್ಖಾನೆಯಲ್ಲಿ ಒಂದು ವಾರ ತರಬೇತಿ ಪಡೆಯಬೇಕು.

ನಿರ್ದೇಶಕ ಶ್ರೀಕರ್ ಒಳ್ಳೆಯ ಹುಡುಗ. ಆದರೆ ಅವನು ನನ್ನ ಕಾದಂಬರಿಯಿಂದ ಉಳಿಸಿಕೊಂಡದ್ದು ಹೆಸರೊಂದನ್ನೇ. ಚಿತ್ರಕಥೆ ಓದಲು ನನ್ನನ್ನು ವೈಟ್‌ಫೀಲ್ಡಿನ ಅವನ ಆಫೀಸಿಗೆ ಕರೆಸಿಕೊಂಡಿದ್ದ. “ಸಾರ್, ಒಬ್ಬ ಬಿಲ್ಲೆ ಹಾಕ್ತಾನೆ, ಇನ್ನೊಬ್ಬ ಚೆಕ್ ಮಾಡ್ತಾನೆ. ಅದಕ್ಯಾಕೆ ಇಬ್ರು ಆಕ್ಟರ್? ಇಬ್ರನ್ನೂ ಒಬ್ಬನೇ ಮಾಡ್ಬಿಡೋಣ” ಅಂದ. ನಾನು ನಾಯಕ, ಅವನು ಖಳ, ಅದು ಹೇಗಪ್ಪಾ ಒಂದಾಗುತ್ತೆ ಅಂದೆ. “ಅದೇ ಸಾರ್ ಟ್ವಿಸ್ಟು” ಅಂದ. ಇನ್ನೊಂದು ಮಾತೂ ಹೇಳಿದ. “ಇಷ್ಟು ಸಣ್ಣ ಜಾಗದಲ್ಲಿ ಪ್ಲಾನ್ ಮಾಡಿ ಕೊಲೆ ಮಾಡ್ತಾರೆ ಅಂದ್ರೆ ಜನ ನಂಬಲ್ಲ ಸಾರ್. ಮರ್ತೋಗಿ ತಪ್ಪು ಹಾಕ್ದ ಅನ್ನೋಣ. ಅದು ಎಲ್ರಿಗೂ ಆಗೋದೇ.” ಎಲ್ಲರಿಗೂ ಆಗುವಂಥದ್ದಾದರೆ ಅದು ಥ್ರಿಲ್ಲರ್ ಹೇಗಾದೀತು ಹೇಳಿ! ಖಳನಿಗೆ ಒಂದು ಉದ್ದೇಶ ಬೇಕು, ಯೋಜನೆ ಬೇಕು. ಬಸ್ಸು ತಪ್ಪಿಹೋಗುತ್ತದೆಂದು ಆತುರ ಪಟ್ಟವನನ್ನು ಖಳ ಎನ್ನಲಾಗದು. ಪ್ರೀಮಿಯರ್ ದಿನ ಆ ದೃಶ್ಯ ಬಂದಾಗ ನಾನು ಎದ್ದು ಹೊರಗೆ ಹೋದೆ. ಎಸಿ ಜಾಸ್ತಿಯಾಯಿತೆಂದು ವನಜಾಗೆ ಹೇಳಿದೆ.

ಇನ್ನು ನಿಮ್ಮ ಪ್ರಶ್ನೆ. ನೀವು ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದೀರಿ. ಆ ನೀಲಿ ವೈರನ್ನು ಬಿಡಬೇಡವೆಂದು ಶ್ರೀಕರನಿಗೆ ಬೇಡಿಕೊಂಡೆ. ತೆರೆಯ ಮೇಲೆ ಕಾಣುವುದಿಲ್ಲ ಎಂದುಬಿಟ್ಟ. ಕಾದಂಬರಿಯಲ್ಲಿ ಸೂಪರ್‌ವೈಸರ್ ಆ ವೈರನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸುವ ಸದ್ದಿಗೆ ಅಧ್ಯಾಯ ಮುಗಿಯುತ್ತದೆ. ಅದನ್ನು ಮೆಚ್ಚದ ಓದುಗರಿಲ್ಲ. ಆದರೆ ವೈರು ಮಾತ್ರ ಕಲ್ಪನೆಯಲ್ಲ, ಕಣ್ಣಾರೆ ಕಂಡದ್ದು. ನಾನು ಅಂಥದೇ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವನು. ನಿಜವಾದ ಆ ಗಂಟು ಎಷ್ಟು ಬಿಗಿಯಾಗಿತ್ತೆಂದರೆ, ಉಗುರಿಗೆ ಬಗ್ಗದೆ ಹಲ್ಲಿನಲ್ಲಿ ಕಚ್ಚಿ ಬಿಡಿಸಬೇಕಾಯಿತು. ಬಾಯಿತುಂಬ ಸೀಮೆಎಣ್ಣೆ ರುಚಿ. ಇಂಥ ಸಂಗತಿಗಳನ್ನು ಕೂತಲ್ಲಿ ಹೊಸೆಯಲು ಯಾವ ಲೇಖಕನಿಗೂ ಆಗುವುದಿಲ್ಲ. ಅನುಭವ ಬೇಕು.

ನಿಮ್ಮ ಮನೆಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಅಂಥ ಕಿವಿ ಸಿಗುವುದು ಲೇಖಕನ ಪುಣ್ಯ.

ಇತಿ ವಿಶ್ವಾಸದ,
ರಾಮಪ್ರಸಾದ


ಜಿಗಣಿ
8 ಜುಲೈ 2025

ರಾಮಪ್ರಸಾದ ಅವರಿಗೆ,

ನಿಮ್ಮ ನಮಸ್ಕಾರ ತಿಳಿಸಿದೆ. ಆ ಹಿರಿಯರು ನನ್ನ ತಂದೆ. ಹೆಸರು ಭೀಮಪ್ಪ. 2001ರ ಆಯುಧ ಪೂಜೆಯವರೆಗೆ ನಿಮ್ಮದೇ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಮೊದಲ ಕಾಗದದಲ್ಲೇ ಇದನ್ನು ಹೇಳಿದ್ದರೆ ನೀವು ನೀಲಿ ವೈರಿನ ವಿಷಯ ಬರೆಯುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ಈ ಕಪಟಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ನಿಮ್ಮ ಪುಸ್ತಕದಲ್ಲಿ ನಾಲ್ಕನೇ ಪುಟಕ್ಕೇ ಸಾಯುವ ಕೆಲಸಗಾರ ನಿಜವಾಗಿ ಹನುಮಂತರಾಯಪ್ಪನವರು. ಅವರು ಸಾಯಲಿಲ್ಲ. ಬಲಗೈಯ ನಾಲ್ಕು ಬೆರಳು ಹೋದವು. ಮೂರನೇ ದಿನ ವಿಚಾರಣೆ ನಡೆಯಿತು. ಹದಿನೇಳಕ್ಕೆ ಕೆಂಪು ಬಿಲ್ಲೆ ಹಾಕಿದ್ದೆಯಾ ಎಂದು ಅಪ್ಪನನ್ನು ಮೂರು ಸಲ ಕೇಳಿದರು. ಮೊದಲ ಸಲ “ಕಟ್ಟಿದೀನಿ ಸಾ” ಎಂದರು. ಎರಡನೇ ಸಲವೂ ಹಾಗೇ ಎಂದರು. ಹಾಗಾದರೆ ಎಲ್ಲಿ ಹೋಯಿತು ಎಂದು ಮೂರನೇ ಸಲ ಕೇಳಿದಾಗ “ಕಟ್ಟಿದ್ನೇನೋ” ಎಂದರು. ಆ ಒಂದು ಮಾತಿಗೆ ಕೆಲಸ ಹೋಯಿತು. ವಿಚಾರಣೆಯ ವರದಿ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಸಾಕ್ಷಿಗಳ ಜಾಗದಲ್ಲಿ ಎರಡನೇ ಸಹಿ ನಿಮ್ಮದು.

ನನಗೆ ಆಗ ಹದಿನೈದು. ಕೆಲಸ ಹೋದದ್ದಕ್ಕೆ ಅಪ್ಪ ಯಾರನ್ನೂ ಬೈಯಲಿಲ್ಲ. ಬೈದದ್ದು ತನ್ನ ತಲೆಯನ್ನೇ. “ಕೈಯಿ ಕಟ್ಟಿದ್ ಅಂಗೇ ನೆಪ್ಪೈತೆ ಕಣವ್ವ. ಆದ್ರೆ ಅಲ್ಲಿರ್ಲಿಲ್ವಲ್ಲ. ನನ್ ನೆಪ್ಪೇ ಸುಳ್ಳು” ಎನ್ನುತ್ತಿದ್ದರು. ಒಬ್ಬ ಮನುಷ್ಯ ತನ್ನ ನೆನಪನ್ನೇ ನಂಬದೆ ಇಪ್ಪತ್ತನಾಲ್ಕು ವರ್ಷ ಬದುಕುವುದು ಹೇಗಿರುತ್ತದೆಂದು ನಾನು ಒಂದೇ ಮನೆಯಲ್ಲಿದ್ದು ನೋಡಿದ್ದೇನೆ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುತ್ತಾರೆ. ಊಟ ಮಾಡಿದೆನೇ ಎಂದು ನನ್ನನ್ನು ಕೇಳುತ್ತಾರೆ. ಮರೆವಿನ ಕಾಯಿಲೆಯಲ್ಲ, ಡಾಕ್ಟರಿಗೂ ತೋರಿಸಿದ್ದೇವೆ. ತನ್ನನ್ನು ತಾನು ನಂಬುವುದಿಲ್ಲ, ಅಷ್ಟೇ.

ಕೊಕ್ಕೆ ಮುರಿದಿತ್ತು, ನೀಲಿ ವೈರಿನಲ್ಲಿ ಮೂರು ಗಂಟು ಹಾಕಿದ್ದೆ ಎಂಬುದನ್ನು ಅಪ್ಪ ವಿಚಾರಣೆಯಲ್ಲಿ ಹೇಳಿಲ್ಲ, ಯಾರೂ ಕೇಳಲಿಲ್ಲ. ಅದು ಗೊತ್ತಿರುವುದು ಕಟ್ಟಿದವನಿಗೆ ಮತ್ತು ಬಿಚ್ಚಿದವನಿಗೆ. ನಿಮ್ಮ ಕಾದಂಬರಿಯಲ್ಲಿ ಸೂಪರ್‌ವೈಸರ್ ಪ್ಲೇಯರಿನಿಂದ ಕತ್ತರಿಸುತ್ತಾನೆ. ನಿಮ್ಮ ಕಾಗದದಲ್ಲಿ ಯಾರೋ ಹಲ್ಲಿನಲ್ಲಿ ಕಚ್ಚಿ ಬಿಡಿಸುತ್ತಾರೆ, ಅವರ ಬಾಯಿಗೆ ಸೀಮೆಎಣ್ಣೆ ರುಚಿ ಬರುತ್ತದೆ. ಯಾರ ಬಾಯಿಗೆ?

ಡಬ್ಬಕ್ಕೂ ಚೀಟಿಗೂ ತಾಳೆ ಹಾಕುವುದು ನನ್ನ ಕೆಲಸ ಎಂದು ಬರೆದಿದ್ದೆ. ಹಾಕಿದೆ. ಪುಸ್ತಕದಲ್ಲಿ ನೀಲಿ ವೈರಿನ ಸಾಕ್ಷಿ ಇದೆ, ಸಿನಿಮಾದಲ್ಲಿ ಕ್ವಾಲಿಟಿ ವಿಭಾಗದ ಅಪರಾಧಿ ಇದ್ದಾನೆ. ಎರಡೂ ಒಂದೇ ಕಡೆ ಸಿಕ್ಕಿದ್ದು ನಿಮ್ಮ ಕಾಗದದಲ್ಲೇ.

ಕೆಂಪು ಬಿಲ್ಲೆ ಹದಿನೇಳರ ಮೇಲೆ ಇತ್ತೋ ಇರಲಿಲ್ಲವೋ? ಒಂದು ಸಾಲು ಬರೆದು ಸಹಿ ಹಾಕಿ ಕಳಿಸಿ. ಅಪ್ಪನಿಗೆ ಓದಿ ಹೇಳುತ್ತೇನೆ. ನನಗೆ ಬೇಕಾದ್ದು ಅಷ್ಟೇ.

ಯಮುನಾ


ಜಿಗಣಿ
11 ಆಗಸ್ಟ್ 2025

ರಾಮಪ್ರಸಾದ ಅವರಿಗೆ,

ತಿಂಗಳು ಕಳೆಯಿತು, ಉತ್ತರವಿಲ್ಲ. ಈ ಕಾಗದವನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ.

ಸಿನಿಮಾ ಟಾಕೀಸಿನಿಂದ ಹೋಗಿ ಈಗ ಟಿವಿಗೆ ಬಂದಿದೆ. ಅಪ್ಪ ಪೂರ್ತಿ ಸಿನಿಮಾ ನೋಡುವುದಿಲ್ಲ. ಬಿಲ್ಲೆ ಹಾಕುವ ದೃಶ್ಯವೊಂದನ್ನೇ ಹಾಕಿಸಿಕೊಳ್ಳುತ್ತಾರೆ. ತಟ್ಟೆಯಿಂದ ಒಂದು ಕೈ ಬಿಲ್ಲೆ ಎತ್ತಿಕೊಳ್ಳುತ್ತದೆ. ಕುಂಕುಮ ಅಂಟಿದ ಬೆರಳು. ಗಡಿಯಾರ ಕಾಣುವಂತೆ ತಿರುಗುತ್ತದೆ. ಎರಡು ಯಂತ್ರಗಳ ನಡುವೆ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಹಾಕುತ್ತದೆ. ನಲವತ್ತು ಸೆಕೆಂಡು. ನೀವು ಮೂರು ಅಧ್ಯಾಯ ಬರೆದದ್ದನ್ನು ಆ ಹುಡುಗ ನಲವತ್ತು ಸೆಕೆಂಡಿನಲ್ಲಿ ಮುಗಿಸಿದ್ದಾನೆ. ನಿಮ್ಮ ಪುಸ್ತಕ ನನಗೆ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮೂರು ಅಧ್ಯಾಯದ ಹಗೆ, ಸಂಚು, ಹಳೇ ಪ್ರೇಮ ಯಾವುದನ್ನೂ ಅಪ್ಪ ನಂಬಲಿಲ್ಲ. ಓದಿ ಹೇಳುವಾಗ “ಇದೆಲ್ಲ ಬುಡವ್ವ, ಮುಂದಕ್ಕೋಗು” ಎನ್ನುತ್ತಿದ್ದರು. ಈ ನಲವತ್ತು ಸೆಕೆಂಡು ನೋಡಿದಾಗ ಮಾತ್ರ “ಇಂಗೇ ಆಗಿರ್ಬೇಕು” ಎನ್ನುತ್ತಾರೆ. ಮರುಕ್ಷಣವೇ “ಇಲ್ಲ, ನಾನೇ ಕಟ್ಲಿಲ್ವೇನೋ” ಎನ್ನುತ್ತಾರೆ.

ಅಪ್ಪನಿಗೆ ಎಪ್ಪತ್ತೆರಡು. ಎರಡು ಮಾತಿನಲ್ಲಿ ಒಂದು ಉಳಿಯಲಿ ಎಂದು ನನಗೆ ಆಸೆ.

ಯಮುನಾ


ನಾಗಸಂದ್ರ
20 ಆಗಸ್ಟ್ 2025

ಮಾನ್ಯರೇ,

ತಮ್ಮ ದಿನಾಂಕ 8-7-2025 ಮತ್ತು 11-8-2025ರ ಪತ್ರಗಳು ತಲುಪಿವೆ.

‘ಕೆಂಪು ಬಿಲ್ಲೆ’ ಸಂಪೂರ್ಣ ಕಾಲ್ಪನಿಕ ಕೃತಿ. ಇದನ್ನು ಪುಸ್ತಕದ ಮೊದಲ ಪುಟದಲ್ಲೇ ಸ್ಪಷ್ಟವಾಗಿ ಮುದ್ರಿಸಲಾಗಿದೆ. ಯಾವುದೇ ವ್ಯಕ್ತಿ, ಸಂಸ್ಥೆ ಅಥವಾ ಘಟನೆಯೊಂದಿಗೆ ಸಾಮ್ಯ ಕಂಡುಬಂದಲ್ಲಿ ಅದು ಕಾಕತಾಳೀಯ. ಚಲನಚಿತ್ರದಲ್ಲಿ ಮಾಡಲಾದ ಬದಲಾವಣೆಗಳು ನಿರ್ದೇಶಕರಿಗೆ ಸಂಬಂಧಿಸಿದವು. ನನ್ನ ಪತ್ರದಲ್ಲಿನ ಕೆಲವು ವಾಕ್ಯಗಳು ಲೇಖಕನ ಸಹಜ ಅತಿಶಯೋಕ್ತಿ ಎಂದು ತಾವು ಭಾವಿಸತಕ್ಕದ್ದು.

ತಮ್ಮ ತಂದೆಯವರ ವಿಷಯದಲ್ಲಿ ನನಗೆ ಸಹಾನುಭೂತಿ ಇದೆ. ಆದರೆ ಇಪ್ಪತ್ತನಾಲ್ಕು ವರ್ಷದ ಹಿಂದಿನ ವಿಚಾರಣೆಯನ್ನು ಈಗ ಕೆದಕುವುದರಿಂದ ಯಾರಿಗೂ ಪ್ರಯೋಜನವಿಲ್ಲ. ತಾವು ಕೋರ್ಟಿಗೆ ಹೋಗುವ ಉದ್ದೇಶ ಇಟ್ಟುಕೊಂಡಿದ್ದಲ್ಲಿ ದಯವಿಟ್ಟು ವಕೀಲರ ಮೂಲಕ ವ್ಯವಹರಿಸಿ.

ಇತಿ,
ರಾಮಪ್ರಸಾದ


ಜಿಗಣಿ
25 ಆಗಸ್ಟ್ 2025

ರಾಮಪ್ರಸಾದ ಅವರಿಗೆ,

ನಾನು ವಕೀಲರ ಹತ್ತಿರ ಹೋಗಿಲ್ಲ, ಹೋಗುವುದೂ ಇಲ್ಲ. ಒಂದು ಸಾಲು ಕೇಳಿದ್ದೆ, ನೀವು ಒಂಬತ್ತು ಸಾಲು ಕಳಿಸಿದ್ದೀರಿ. ಎಣಿಸಿದೆ.

ಅಪ್ಪನಿಗೆ ಇದನ್ನು ಓದಿ ಹೇಳಲಿಲ್ಲ. ಕಾಗದ ಬಂತಾ ಎಂದು ದಿನಾ ಕೇಳುತ್ತಾರೆ, ಬಂದಿಲ್ಲ ಎಂದು ಸುಳ್ಳು ಹೇಳಿದೆ. ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಇದು. ಅದು ನಿಮ್ಮ ದೆಸೆಯಿಂದ.

ನಿಮ್ಮ ಕಾಗದವನ್ನು ಇದರ ಜೊತೆಗಿಟ್ಟು ವಾಪಸು ಕಳಿಸುತ್ತಿದ್ದೇನೆ.

ಯಮುನಾ


ನಾಗಸಂದ್ರ
12 ಸೆಪ್ಟೆಂಬರ್ 2025

ಯಮುನಾ ಅವರಿಗೆ,

ವಾಪಸು ಬಂದ ಕಾಗದ ವನಜಾಳ ಕೈಗೆ ಸಿಕ್ಕಿತು. ಓದಿ, “ಇದನ್ನ ನೀವು ಬರೆದ್ರಾ? ಬ್ಯಾಂಕಿನವರು ಬರೆದ ಹಾಗಿದೆ” ಎಂದಳು. ಎಲ್ಲವನ್ನೂ ಅವಳಿಗೆ ಹೇಳಿದೆ. ಮದುವೆಯಾಗಿ ಮೂವತ್ತೈದು ವರ್ಷವಾಯಿತು, ಇದೊಂದನ್ನು ಹೇಳಿರಲಿಲ್ಲ. ಮೂರನೇ ದಿನ ಈ ಹಾಳೆಗಳನ್ನು ತಂದು ಮುಂದಿಟ್ಟಳು.

ಬಿಲ್ಲೆ ಇತ್ತು. ನಿಮ್ಮ ತಂದೆ ಕಟ್ಟಿದ್ದರು. ಪೂಜೆಯ ದಿನ ಬೆಳಿಗ್ಗೆ ಬಿಲ್ಲೆ ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಪ್ಪತ್ತಮೂರು ಬಿಲ್ಲೆ ಕೊಕ್ಕೆಯಿಂದ ಸಲೀಸಾಗಿ ಬಂದವು. ಹದಿನೇಳರದು ಮಾತ್ರ ಹಲ್ಲಿಗೆ ಕೆಲಸ ಕೊಟ್ಟಿತು. ಯಾರಪ್ಪಾ ಇದು ಹಸು ಕಟ್ಟುವ ಹಾಗೆ ಕಟ್ಟಿದಾನೆ ಎಂದು ನಗಾಡಿದ್ದೂ ನೆನಪಿದೆ.

ಪೂಜೆಯಾದ ಮೇಲೆ ಎಲ್ಲರೂ ಕಡ್ಲೆಪುರಿ ಪೊಟ್ಟಣ ತೆಗೆದುಕೊಂಡು ಹೊರಟರು. ಕಂಪನಿ ಬಸ್ಸು ಎರಡು ಗಂಟೆಗೆ. ಯಾವ ಯಂತ್ರಕ್ಕೆ ಯಾವ ಬಿಲ್ಲೆ ಎಂಬ ಪುಸ್ತಕ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಸೂಪರ್‌ವೈಸರ್ ಹತ್ತಿರವಿತ್ತು, ಅವರು ಹೊರಟುಹೋಗಿದ್ದರು. ಪಾಪ, ನನ್ನ ಕಾದಂಬರಿಯ ಖಳನ ತಪ್ಪು ಅಷ್ಟೇ. ಉಳಿದದ್ದು ಒಂದು ಕೆಂಪು, ಒಂದು ಹಸಿರು. ತೊಳೆಯುವಾಗ ಮುರಿದ ಕೊಕ್ಕೆಯನ್ನೂ ಯಾರೋ ಬದಲಿಸಿದ್ದರು, ಗುರುತು ಉಳಿದಿರಲಿಲ್ಲ. ಹದಿನಾರೋ ಹದಿನೇಳೋ ಎಂದು ಒಂದು ಕ್ಷಣ ನಿಂತೆ. ಕೆಂಪು ಹದಿನಾರಕ್ಕೆ ಎಂದುಕೊಂಡು ಹಾಕಿದೆ. ಬಸ್ಸು ಸಿಕ್ಕಿತು, ಕೂರಲು ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು.

ಇಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ರಜೆ ಕಳೆದು ಕೆಲಸ ಶುರುವಾದ ದಿನ ಕೂಗು ಕೇಳಿದಾಗ ನಾನು ಅಲ್ಲೇ ಇದ್ದೆ. ಎಲ್ಲರೂ ಹದಿನೇಳರ ಕಡೆ ಓಡಿದರು. ನಾನು ಹದಿನಾರರ ಕಡೆ ಓಡಿದೆ. ಕೆಂಪು ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು, ಮೇಜಿನ ಡ್ರಾಯರಿನಿಂದ ಹಸಿರು ತಂದು ಅಲ್ಲಿ ಹಾಕಿದೆ. ವಿಚಾರಣೆಯಲ್ಲಿ ಬಿಲ್ಲೆ ಬಿಚ್ಚಿದ್ದು ಯಾರೆಂದು ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ನಿಮ್ಮ ತಂದೆ “ಕಟ್ಟಿದ್ನೇನೋ” ಎಂದಾಗ ನಾನು ಅವರ ಬಲಗಡೆ ಎರಡನೇ ಕುರ್ಚಿಯಲ್ಲಿದ್ದೆ. ನನಗೆ ನೆಮ್ಮದಿಯಾಯಿತು. ನಿಜ ಹೇಳುತ್ತಿದ್ದೇನೆ, ನೆಮ್ಮದಿಯೇ ಆಯಿತು.

ಹದಿನೆಂಟು ವರ್ಷ ಕಳೆದ ಮೇಲೆ ಅದನ್ನು ಕಾದಂಬರಿ ಮಾಡಿದೆ. ಬಿಲ್ಲೆಯನ್ನು ಬೇರೊಬ್ಬನ ಕೈಗೆ ಕೊಟ್ಟೆ, ನನ್ನನ್ನು ಸಾಧು ಮಾಡಿಕೊಂಡೆ. ಓದುಗರು ಆ ಸೂಪರ್‌ವೈಸರನನ್ನು ಬೈದು ಕಾಗದ ಬರೆದಾಗಲೆಲ್ಲ ನನಗೆ ಹಗುರವಾಗುತ್ತಿತ್ತು. ಏನೂ ಗೊತ್ತಿಲ್ಲದ ಶ್ರೀಕರ್, ಒಬ್ಬ ನಟನನ್ನು ಉಳಿಸಲು ಹೋಗಿ ನಿಜವನ್ನು ಇದ್ದಲ್ಲಿಗೇ ತಂದು ನಿಲ್ಲಿಸಿದ. ಅವನ ಸಿನಿಮಾ ಕೆಟ್ಟದಾಗಿದೆ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಆ ನಲವತ್ತು ಸೆಕೆಂಡು ನನ್ನ ಮುನ್ನೂರು ಪುಟಕ್ಕಿಂತ ಚೆನ್ನಾಗಿದೆ.

ನೀವು ಕೇಳಿದ ಸಾಲನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿದ್ದೇನೆ. ಇಪ್ಪತ್ತೊಂದನೇ ತಾರೀಖು ಭಾನುವಾರ ನಾನೇ ಬಂದು ನಿಮ್ಮ ತಂದೆಯ ಮುಂದೆ ಹೇಳುತ್ತೇನೆ. ಬೇಡವೆನಿಸಿದರೆ ಒಂದು ಕಾರ್ಡು ಹಾಕಿ.

ರಾಮಪ್ರಸಾದ

(ಬೇರೆ ಹಾಳೆ)

ಶ್ರೀ ಭೀಮಪ್ಪನವರು ಹದಿನೇಳನೇ ಪ್ರೆಸ್ಸಿಗೆ ಕೆಂಪು ಬಿಲ್ಲೆ ಕಟ್ಟಿದ್ದರು. ಬಿಚ್ಚಿದವನು ನಾನು. ತಪ್ಪಾಗಿ ಹಾಕಿದವನೂ, ಅದನ್ನು ಮುಚ್ಚಿಟ್ಟವನೂ ನಾನೇ. — ರಾಮಪ್ರಸಾದ


ನಾಗಸಂದ್ರ
23 ಸೆಪ್ಟೆಂಬರ್ 2025

ಪ್ರಿಯ ಯಮುನಾ ಅವರಿಗೆ,

ಭಾನುವಾರ ನಿಮ್ಮ ಮನೆಯಿಂದ ಹೊರಟವನು ಬೊಮ್ಮಸಂದ್ರದಲ್ಲಿ ಮೆಟ್ರೋ ಹತ್ತಿ ಮನೆ ಸೇರಿದಾಗ ಕತ್ತಲಾಗಿತ್ತು.

ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದೆ. ನಾನು ಹೇಳುವುದನ್ನೆಲ್ಲ ನಿಮ್ಮ ತಂದೆ ಗೋಡೆಗೊರಗಿ ಕೂತು ಕೇಳಿದರು. ಒಂದು ಕಟುವಾದ ಮಾತಿಲ್ಲ. ಹೇಳಿ ಮುಗಿಸಿದ ಮೇಲೆ “ಕಾಪಿ ಕುಡೀರಿ ಸಾ” ಎಂದರು. ಲೋಟ ಖಾಲಿಯಾದಾಗ ಇನ್ನೊಂದು ಸುತ್ತು ಹಾಕಿಸಿದರು. ಗೇಟಿನವರೆಗೂ ಬಂದು ಆಟೋ ನಿಲ್ಲಿಸಿಕೊಟ್ಟರು. ದೊಡ್ಡ ಮನಸ್ಸಿನವರಿಗೆ ಕ್ಷಮಿಸಲು ಮಾತು ಬೇಕಿಲ್ಲ ಎಂಬುದು ಅವತ್ತು ನನಗೆ ಅರ್ಥವಾಯಿತು. ಅವರ ಋಣ ನನ್ನ ಮೇಲಿದೆ.

ಹದಿನೈದನೇ ಮುದ್ರಣಕ್ಕೆ ಒಂದು ಹಿನ್ನುಡಿ ಬರೆಯಬೇಕೆಂದಿದ್ದೇನೆ. ಕಾದಂಬರಿಗಿಂತ ಸಿನಿಮಾ ಏಕೆ ಹೆಚ್ಚು ಪ್ರಾಮಾಣಿಕ ಎಂಬುದೇ ಅದರ ವಸ್ತು. ನಿಮ್ಮ ತಂದೆಯ ಔದಾರ್ಯದ ಪ್ರಸಂಗದಿಂದ ಅದನ್ನು ಮುಗಿಸಬೇಕೆಂಬ ಆಸೆ. ನಿಮ್ಮ ಒಪ್ಪಿಗೆ ಬೇಕು.

ಕೃತಜ್ಞತೆಗಳೊಂದಿಗೆ,
ರಾಮಪ್ರಸಾದ


ಜಿಗಣಿ
26 ಸೆಪ್ಟೆಂಬರ್ 2025

ರಾಮಪ್ರಸಾದ ಅವರಿಗೆ,

ನೀವು ಬಂದು ಹೇಳಿದ್ದು ಒಳ್ಳೆಯದಾಯಿತು. ನಿಮ್ಮ ಹಾಳೆಯನ್ನು ಅಪ್ಪನಿಗೆ ಮೊದಲೇ ಓದಿ ಹೇಳಿದ್ದೆ. ಮೊದಲ ಸಾಲನ್ನು ಮೂರು ಸಲ ಓದಿಸಿದರು. “ಕಟ್ಟಿದ್ದೆ ಅಲ್ವಾ?” ಎಂದರು. ಹೌದಪ್ಪ, ನೀನು ಕಟ್ಟಿದ್ದೆ ಎಂದೆ. ಆಮೇಲೆ ಅಂಗಳಕ್ಕೆ ಹೋಗಿ ಎಷ್ಟೋ ಹೊತ್ತು ಆ ಕಡೆ ಮುಖ ಮಾಡಿಕೊಂಡು ನಿಂತಿದ್ದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವತ್ತಿನಿಂದ ಊಟ ಮಾಡಿದೆನಾ ಎಂದು ನನ್ನನ್ನು ಕೇಳಿಲ್ಲ. ಇದಕ್ಕೆ ನಿಮಗೆ ನನ್ನ ಕೃತಜ್ಞತೆ ಇದೆ.

ಆದರೆ ಕಾಫಿಯ ವಿಷಯದಲ್ಲಿ ನೀವು ತಪ್ಪು ತಿಳಿದಿದ್ದೀರಿ. ನಮ್ಮ ಮನೆಗೆ ಬಂದವರಿಗೆಲ್ಲ ಕಾಫಿ ಕೊಡುತ್ತೇವೆ. ಕರೆಂಟ್ ಬಿಲ್ಲಿನವರಿಗೂ ಕೊಡುತ್ತೇವೆ. ಆಟೋವನ್ನೂ ಯಾರಿಗಾದರೂ ನಿಲ್ಲಿಸಿಕೊಡುತ್ತೇವೆ.

ನೀವು ಹೋದ ಮೇಲೆ ಕ್ಷಮಿಸಿದೆಯಾ ಅಪ್ಪ ಎಂದು ನಾನೂ ಕೇಳಿದೆ. “ನನ್ ಕೆಲ್ಸ ಓಯ್ತು. ಅದು ನಂದು. ಅದ್ನ ಬೇಕಾದ್ರೆ ಬುಟ್ಬುಡ್ತೀನಿ” ಎಂದರು. ಆಮೇಲೆ, “ಬೆರಳು ನಂದಲ್ವಲ್ಲ ಕಣವ್ವ. ಅವ್ರು ಇಷ್ಟೊತ್ತು ಮಾತಾಡುದ್ರು, ಅವನ್ ಎಸ್ರು ಒಂದ್ ಸಲಾನೂ ಎತ್ಲಿಲ್ಲ” ಎಂದರು. ನಾನು ನಿಮ್ಮ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ನಿಜ. ಒಂದರಲ್ಲೂ ಹನುಮಂತರಾಯಪ್ಪನವರ ಹೆಸರಿಲ್ಲ. ಪುಸ್ತಕದಲ್ಲಿ ಅವರನ್ನು ಬೇಗ ಸಾಯಿಸಿದಿರಿ, ಸಿನಿಮಾದವರು ಒಂದು ಹಾಡು ಕೊಟ್ಟು ಸಾಯಿಸಿದರು. ಇದೊಂದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಅವರು ಇರುವುದು ಮಾದನಾಯಕನಹಳ್ಳಿಯಲ್ಲಿ. ನಿಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ತುಮಕೂರು ರಸ್ತೆಯಲ್ಲಿ ಇಳಿದು, ಗೋಡೌನುಗಳ ಹಿಂದಿನ ರಸ್ತೆಯಲ್ಲಿ ಹೋಗಿ, ಪ್ರೆಸ್ ಹನುಮಂತರಾಯಪ್ಪನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ತಪ್ಪು ತನ್ನದೇ ಎಂದುಕೊಂಡು ಅಪ್ಪ ಇಪ್ಪತ್ತನಾಲ್ಕು ವರ್ಷದಿಂದ ಪ್ರತಿ ಆಯುಧ ಪೂಜೆಯ ದಿನ ಬಸ್ಸು ಬದಲಿಸುತ್ತ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ಅವರ ಬಾಗಿಲಲ್ಲಿ ನಿಂತು ಬರುತ್ತಿದ್ದರು. ಮೊದಲ ಒಂಬತ್ತು ವರ್ಷ ಅವರು ಒಳಗೆ ಕರೆಯಲಿಲ್ಲ. ನಿಮ್ಮನ್ನು ಕರೆಯುತ್ತಾರೋ ಇಲ್ಲವೋ ನಾನು ಹೇಳಲಾರೆ. ನಿಮ್ಮ ಹಿನ್ನುಡಿಗೆ ಒಪ್ಪಿಗೆ ಕೊಡಬೇಕಾದವರೂ ಅವರೇ, ನಾನಲ್ಲ.

ಬರುವ ಬುಧವಾರ ಆಯುಧ ಪೂಜೆ. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಡಲಾ ಎಂದು ನಿನ್ನೆ ಅಪ್ಪನನ್ನು ಕೇಳಿದೆ. ಬೇಡ ಎಂದರು.

“ಈ ಸಲ ಅವ್ರು ಓಗ್ಲಿ” ಎಂದರು.

ಯಮುನಾ